ಗ್ವೆಂಡಾ ಬಿಟ್ಟುಕೊಟ್ಟ ಕೊಟ್ಟಿಗೆ

ಇಂಗ್ಲೆಂಡಿನ ಹೆರೆಫರ್ಡ್‌ಶೈರಿನ ನಮ್ಮ ಕೃಷಿ ಕಾಲೇಜಿನಲ್ಲಿ ಗ್ವೆಂಡಾ ಪ್ರಾಸರ್ ಇಪ್ಪತ್ತಾರು ವರ್ಷ ಹಸುಗಳನ್ನು ನೋಡಿಕೊಂಡಳು. ಗಂಡ ತೀರಿಕೊಂಡ ಮೇಲೆ ಅವಳಿಗೆ ಮಾತಿಗಿದ್ದವರು ಎಪ್ಪತ್ತೆರಡು ಹಸುಗಳು, ಮತ್ತೆ ಟ್ರ್ಯಾಕ್ಟರ್ ಓಡಿಸುವ ಕ್ಲೆಮ್.

ಕಾಲೇಜಿನ ಮುಂದಿನ ಹತ್ತು ವರ್ಷದ ಯೋಜನೆಗೆ ಪ್ರಿನ್ಸಿಪಾಲರು ಸಮಿತಿ ಮಾಡಿದಾಗ ಕೊಟ್ಟಿಗೆಯವರ ಪರವಾಗಿ ಅದರಲ್ಲಿ ಕೂರಲು ಕ್ಲೆಮ್ಮೇ ಅವಳನ್ನು ದಬ್ಬಿದ.

"ನೀನೇ ಹೋಗು ಮಾರಾಯ್ತಿ. ನಂಗೆ ಆ ಕೋಟು ಹಾಕ್ಕೊಂಡವರ ಮುಂದೆ ಬಾಯೇ ಬರಲ್ಲ. ಹಸು ಮುಟ್ಟಿದ್ರೆ ಒದೀತೀನಿ ಅಂತ ಹೇಳಿ ಬಾ."

"ಹಸು ಒದಿಯುತ್ತೋ, ನಾನೋ?"

"ನಿನ್ನ ಒದೆಯೇ ಜೋರು ಕಣೇ."

ಅವಳು ಹೋದಳು. ಆ ವರ್ಷ ಹೈನುಗಾರಿಕೆ ಕಲಿಯಲು ಸೇರಿದ್ದವರು ನಾಲ್ವರು. ನಾಯಿ, ಮೊಲಗಳ ಆರೈಕೆ ಕಲಿಯಲು ಬಂದವರು ಅರವತ್ತು. ಕೋಣೆ ಸಾಲದೆ ಮೊಲದ ಗೂಡನ್ನು ತೊಡೆಯ ಮೇಲಿಟ್ಟುಕೊಂಡು ಮೊಗಸಾಲೆಯಲ್ಲಿ ಪಾಠ ಕೇಳುತ್ತಿದ್ದರು. ಅದನ್ನು ಅವಳೇ ದಿನವೂ ನೋಡಿದ್ದಳು. ಖಾಲಿ ಮಾಡಬಹುದಾದ ದೊಡ್ಡ ಕಟ್ಟಡವೆಂದರೆ ಕೊಟ್ಟಿಗೆಯೊಂದೇ.

"ನೀವೇನಂತೀರಿ ಗ್ವೆಂಡಾ?" ಪ್ರಿನ್ಸಿಪಾಲರು ಅಳುಕುತ್ತಲೇ ಕೇಳಿದರು.



"ಹಸುಗಳು ಹೋಗ್ಲಿ. ಒಂದೇ ಮನೆಗೆ ಎಲ್ಲಾನೂ ಕಳಿಸಿ, ಅಷ್ಟು ಮಾಡಿ. ಕೊಟ್ಟಿಗೆ ಆ ಮಕ್ಕಳಿಗಿರಲಿ."

ಸುದ್ದಿ ಅವಳಿಗಿಂತ ಮೊದಲೇ ಅಂಗಳ ತಲುಪಿತ್ತು. "ಬೇರೆಯವರು ಮಾಡಿದ್ರೆ ಬೈದು ಸುಮ್ಮನಾಗ್ತಿದ್ದೆ. ನೀನು ಮಾಡ್ಬಿಟ್ಟೆಯಲ್ಲೇ," ಎಂದ ಕ್ಲೆಮ್. ಆಮೇಲೆ ಅವನು ಮಾತು ಬಿಟ್ಟ. ಅಂಗಳದ ಉಳಿದ ಕೆಲಸಗಾರರೂ ಅವಳು ಬಂದರೆ ಚಹಾದ ಕಪ್ಪು ತೊಳೆಯುವ ನೆಪದಲ್ಲಿ ಎದ್ದುಬಿಡುತ್ತಿದ್ದರು.

ಏಪ್ರಿಲಿನಲ್ಲಿ ಲಾರಿಗಳು ಬಂದವು. ಮುದಿ ಹಸುವೊಂದು ಲಾರಿಗೆ ಇಳಿಬಿಟ್ಟ ಹಲಗೆ ಹತ್ತಲೊಲ್ಲದೆ ನಿಂತಿತು. ಗ್ವೆಂಡಾ ತಾನೇ ಮುಂದೆ ಹತ್ತಿ ಕರೆದಳು. ಅದು ನಂಬಿ ಹಿಂದೆ ಬಂತು. ಪಕ್ಕದ ಸಣ್ಣ ಬಾಗಿಲಿನಿಂದ ಇಳಿದು, ಅವಳೇ ಅಗುಳಿ ಹಾಕಿದಳು. ಲಾರಿ ತಿರುವು ದಾಟಿದ ಮೇಲೂ ಒಳಗಿನಿಂದ ಅಂಬಾ ಎನ್ನುವುದು ಕೇಳುತ್ತಿತ್ತು.

ಬೇಸಿಗೆಯಿಡೀ ಅವಳಿಗೆ ನಸುಕಿನಲ್ಲಿ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಬೂಟು ಹಾಕಿಕೊಂಡು ಬಾಗಿಲವರೆಗೆ ಬಂದು, ನಿಂತು, ಮತ್ತೆ ಬಿಚ್ಚುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಕೊಟ್ಟಿಗೆಯೊಳಗೆ ಹೊಸ ತರಗತಿಗಳು ತೆರೆದವು. ಪ್ರಾಣಿಗಳನ್ನು ಹಿಡಿಯುವುದನ್ನು ಕಲಿಸುವ ಕೆಲಸ ಅವಳಿಗೆ ಬಂತು. ಮೊದಲ ದಿನ ಹುಡುಗಿಯೊಬ್ಬಳು ಮೂಗು ಸುಕ್ಕಿಸಿದಳು.

"ಏನೋ ವಾಸನೆ ಬರ್ತಿದೆ ಮಿಸ್. ಇಲ್ಲಿ ಏನಿತ್ತು?"

"ಹಸುಗಳು."

"ಹೌದಾ? ತುಂಬಾ ಇದ್ವಾ?"

"ಇದ್ವು. ಮೊಲದ ಹಿಂಗಾಲಿಗೆ ಕೈ ಕೊಡಮ್ಮ, ಹೆದರ್ಕೊಂಡಿದೆ."

ಮಧ್ಯಾಹ್ನ ಬಾಗಿಲು ಸರಿಪಡಿಸಲು ಕ್ಲೆಮ್ ಬಂದ. ಹಲಗೆ ಒಬ್ಬರ ಕೈಯಲ್ಲಿ ನಿಲ್ಲುವಂಥದ್ದಲ್ಲ. ಗ್ವೆಂಡಾ ಹೋಗಿ ಇನ್ನೊಂದು ತುದಿ ಹಿಡಿದಳು.

"ಸ್ವಲ್ಪ ಎತ್ತು," ಎಂದ ಅವನು. ಅಷ್ಟು ತಿಂಗಳಲ್ಲಿ ಅದೇ ಮೊದಲ ಮಾತು. ಅವಳು ಎತ್ತಿದಳು. ಮೊಳೆ ಹೊಡೆದು ಮುಗಿಸಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, ಬರ್ತೀನಿ ಅಂತಲೂ ಹೇಳದೆ ಅವನು ಹೊರಟುಹೋದ.