ಬೇಗ ಬಂದ ಜ್ವರ

ಸಂಘಮಿತ್ರಾ ಅಂಜಿನಕ್ಕನ ಹುಳದ ಮನೆಯಲ್ಲಿ ತಟ್ಟೆಯಿಂದ ಒಂದು ರೇಷ್ಮೆಹುಳವನ್ನು ಎತ್ತಿದಳು. ಅದು ಬೆರಳುಗಳ ನಡುವೆ ಒದ್ದೆ ನೂಲಿನಂತೆ ಜೋತುಬಿತ್ತು. ಇನ್ನೊಂದನ್ನು ಎತ್ತಿದಳು. ಅದೂ ಹಾಗೆಯೇ.

"ಮುಟ್ಟಬ್ಯಾಡ್ರಿ ಮೇಡಂ, ಜ್ವರಕ್ಕ ಕುಂತಾವು. ಈ ಸಲ ಒಂಚೂರು ಬೇಗ ಬಂದೈತಿ," ಎಂದಳು ಅಂಜಿನಕ್ಕ.

ಹುಳ ಪೊರೆ ಬಿಡುವುದಕ್ಕೆ ರೇಷ್ಮೆ ಸಾಕುವವರು ಜ್ವರವೆನ್ನುತ್ತಾರೆ. ಆಗ ಅವು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿ ಸುಮ್ಮನೆ ಕೂರುತ್ತವೆ. ಹಗಲೂ ರಾತ್ರಿ ಸೊಪ್ಪು ಕೊಯ್ದು ಕೈ ಸೋತವರಿಗೆ ಅದೇ ಬಿಡುವು. ಆದರೆ ಜ್ವರದ ಹುಳ ಕೂತಲ್ಲೇ ಕಾಲೂರಿರುತ್ತದೆ, ಎಳೆದರೂ ಸುಲಭಕ್ಕೆ ಬರುವುದಿಲ್ಲ. ಅಲ್ಲದೆ ಇವು ಮೂರನೇ ಜ್ವರದಿಂದ ಎದ್ದದ್ದು ಮೊನ್ನೆ ಮೊನ್ನೆ, ನಾಲ್ಕನೆಯದಕ್ಕೆ ಇನ್ನೂ ದಿನವಿತ್ತು. ಸಂಘಮಿತ್ರಾ ಹುಳವನ್ನು ತಟ್ಟೆಗಿಟ್ಟು ಕೇಳಿದಳು.

"ಸೊಪ್ಪಿಗೆ ಏನರ ಹೊಡದೀರೇನಕ್ಕಾ?"

"ಕೀಡಿ ಬಿದ್ದಿತ್ತು, ನಿಮ್ಮ ಪುಡಿನ ಹೊಡದೆ. ನೀವ ನೆಕ್ಕಿ ತೋರ್ಸಿದ್ರಲ್ರಿ."

ನೆಕ್ಕಿದ್ದು ನಿಜ. ಕೊಟ್ಟೂರಿನ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಅವಳು ಹೋದ ವಾರ ಇಲ್ಲಿಯ ಮೆಕ್ಕೆಜೋಳದ ಹೊಲದಲ್ಲಿ ಕೀಡಿ ಕೊಲ್ಲುವ ಪುಡಿ ತೋರಿಸಲು ಜನ ಸೇರಿಸಿದ್ದಳು. ಪುಡಿಯಲ್ಲಿರುವುದು ಮಣ್ಣಿನ ಒಂದು ಸೂಕ್ಷ್ಮಾಣು ಮಾಡುವ ಪ್ರೋಟೀನು. ಕೀಡಿಯ ಹೊಟ್ಟೆ ಸುಣ್ಣದ ನೀರಿನಂತೆ ಕ್ಷಾರ. ಅಲ್ಲಿ ಅದು ಕರಗಿ ಕರುಳಿಗೆ ತೂತು ಹಾಕುತ್ತದೆ. ಕೀಡಿ ಮೊದಲು ತಿನ್ನುವುದನ್ನು ಬಿಡುತ್ತದೆ, ಆಮೇಲೆ ಸಾಯುತ್ತದೆ. ನಮ್ಮ ಹೊಟ್ಟೆ ಹುಳಿ, ನಮಗೇನೂ ಆಗದು. ಇಷ್ಟು ಹೇಳಿ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡಿದ್ದಳು. ಚಪ್ಪಾಳೆ ಬಿತ್ತು. ಆ ಹುರುಪಿನಲ್ಲಿ ರೇಷ್ಮೆಯ ಮಾತು ಅವಳ ಬಾಯಿಗೇ ಬರಲಿಲ್ಲ. ಅಂಜಿನಕ್ಕನ ಪಾಲಿಗೆ ಬೆಳೆ ತಿನ್ನುವುದು ಕೀಡಿ, ಮನೆಯಲ್ಲಿ ಸಾಕುವುದು ಹುಳ. ಎರಡರ ಹೊಟ್ಟೆಯೂ ಒಂದೇ ಎಂದು ಹೇಳಬೇಕಾದವಳು, ಓದಿಕೊಂಡ ಈ ಮಹಾತಾಯಿ, ಹೇಳಿರಲಿಲ್ಲ.

ಬಿಸಿಲಿನ ಝಳಕ್ಕೆ ರೋಗ ಬಂದಿದೆ ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಬಂದದ್ದಕ್ಕೇ ಅವಳಿಗೆ ತಲೆಯೆತ್ತಲು ನಾಚಿಕೆಯಾಯಿತು.

"ಅಕ್ಕಾ, ಇದು ಜ್ವರ ಅಲ್ಲ. ಆ ಪುಡಿ ಇವಕ್ಕೂ ವಿಷನ. ನಾನು ಹೇಳಬೇಕಿತ್ತು, ಹೇಳ್ಲಿಲ್ಲ."

ಅಂಜಿನಕ್ಕ ಒಂದೊಂದೇ ತಟ್ಟೆ ನೋಡುತ್ತ ಹೋದಳು.

"ಹಂಗಾರ ನಾನ ತಿನ್ಸೀನಿ?"

ನೀವಲ್ಲ, ತಪ್ಪು ನನ್ನದು ಎಂದು ಸಂಘಮಿತ್ರಾ ಎರಡು ಸಲ ಹೇಳಿದಳು. ಅದು ಅಂಜಿನಕ್ಕನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು.

"ಉಳಿದ ಪುಡಿ ಗಿಡ್ಡಮ್ಮಗ ಕೊಟ್ಟೀನ್ರಿ. ಆಕಿನೂ ಹುಳ ಮೇಸ್ತಾಳ. ಮೊದ್ಲು ಅಲ್ಲಿಗೆ ಹೋಗ್ರಿ."

ಗಿಡ್ಡಮ್ಮನ ಮನೆ ಓಣಿಯ ಕೊನೆಯಲ್ಲಿತ್ತು. ಸಂಘಮಿತ್ರಾ ಓಡಿದಳೆಂದೇ ಹೇಳಬೇಕು. ದೊಡ್ಡ ಹುಳಗಳು ಸೊಪ್ಪು ಮೇಯುವ ಸರಸರ ಸದ್ದು ಬಾಗಿಲಾಚೆಗೂ ಕೇಳುತ್ತದೆ. ಅವಳು ಮೆಟ್ಟಿಲ ಬಳಿ ನಿಂತು ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಏನೂ ಕೇಳಲಿಲ್ಲ.

ಅವಳು ಕರೆಯುವ ಮೊದಲೇ ಗಿಡ್ಡಮ್ಮ ಹೊರಗೆ ಬಂದಳು. ಇವಳನ್ನು ಕಂಡು ಅವಳ ಮುಖ ಅರಳಿತು.

"ಬರ್ರಿ ಮೇಡಂ, ಕುಂದರ್ರಿ. ಇವತ್ತು ಸೊಪ್ಪು ಕೊಯ್ಯೋ ಕೆಲ್ಸಿಲ್ಲ, ನನಗೂ ಪುರುಸೊತ್ತು ಐತಿ," ಎನ್ನುತ್ತ ಚಾಪೆ ಕೊಡವಿ, ಜಗಲಿಯ ನೆರಳಿದ್ದ ಕಡೆ ಹಾಸಿದಳು.