ರಮಿತಾಳ ಎಂ.ಟೆಕ್ ಸಂಬಂಧ

ಡೊಂಬಿವಲಿಯ ಆ ಮನೆಯಲ್ಲಿ ಯಾವುದನ್ನು ಆರಿಸುವುದಕ್ಕೂ ಇದ್ದದ್ದು ಒಂದೇ ಪದ್ಧತಿ. ಫ್ರಿಜ್ಜಾಗಲಿ, ಫ್ಯಾನಾಗಲಿ, ದಯಾನಂದ ಅದನ್ನು ಗಂಡು ನೋಡುವ ಹಾಗೇ ನೋಡುತ್ತಿದ್ದರು. ಮನೆತನ ಹೇಗೆ, ಎಲ್ಲಿಯ ಕಡೆಯವರು, ಇದಕ್ಕೂ ಮೊದಲು ಯಾರ ಮನೆಗೆ ಕೊಟ್ಟಿದ್ದಾರೆ, ಆ ಮನೆಯವರು ಏನನ್ನುತ್ತಾರೆ. ಫ್ರಿಜ್ ಕೊಳ್ಳುವ ಮುಂಚೆ ಅಂಗಡಿಯವನಿಂದ ಮೂವರು ಹಳೆಯ ಗಿರಾಕಿಗಳ ವಿಳಾಸ ಪಡೆದು, ಮೂರೂ ಮನೆಗೆ ಹೋಗಿ, ಫ್ರಿಜ್ಜಿನ ಬಾಗಿಲು ತೆರೆದು ನೋಡಿ ಬಂದ ಮನುಷ್ಯ ಅವರು. ಹಾಗಿರುವಾಗ ಮಗಳು ರಮಿತಾ ಆನ್‌ಲೈನ್ ಎಂ.ಟೆಕ್ ಮಾಡುತ್ತೇನೆ, ಎರಡು ಕಡೆ ನೋಡಿದ್ದೇನೆ ಎಂದು ಬಾಯಿತಪ್ಪಿ ಹೇಳಿದ್ದು ಅವಳದೇ ತಪ್ಪು.

ರಮಿತಾಳಿಗೆ ಇಪ್ಪತ್ತೇಳು. ಬೇಲಾಪುರದಲ್ಲಿ ಕಟ್ಟಡ ವಿನ್ಯಾಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಐದು ವರ್ಷದಿಂದ ಬೇರೆಯವರು ಮಾಡಿದ ಲೆಕ್ಕಕ್ಕೆ ನಕ್ಷೆ ಬರೆಯುತ್ತಿದ್ದಳು. ಆ ಲೆಕ್ಕ ತಾನೇ ಮಾಡಬೇಕು, ಇಪ್ಪತ್ತು ಮಾಳಿಗೆ ಯಾವ ಕಂಬದ ಮೇಲೆ ನಿಲ್ಲಬೇಕೆಂದು ತಾನೇ ಹೇಳಬೇಕು ಎಂಬುದೊಂದೇ ಅವಳ ಆಸೆ. ಅದಕ್ಕೆ ಎಂ.ಟೆಕ್ ಬೇಕು. ಫೀಸು ಅವಳ ಸಂಬಳದಲ್ಲೇ ಆಗುತ್ತಿತ್ತು, ಅಡ್ಡ ಬಂದದ್ದು ಜಾಗ. ಕ್ಲಾಸು ಸಂಜೆ ಏಳರಿಂದ ಒಂಬತ್ತು. ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಒಂದೇ, ಅದರಲ್ಲಿ ಟಿವಿ, ಟಿವಿಯ ಎದುರು ಏಳರಿಂದ ಒಂಬತ್ತು ದಯಾನಂದ. ಠಾಣೆಯ ನೌಪಾಡಾದ ಹೋಟೆಲಿನಲ್ಲಿ ನಸುಕಿನ ಪಾಳಿಯ ಮ್ಯಾನೇಜರಾದ ಅವರಿಗೆ ದಿನದಲ್ಲಿ ಅದೊಂದೇ ಸುಖ. ಮನೆಯವರು ಮನಸಾರೆ ಒಪ್ಪದೆ ಎರಡು ವರ್ಷ ಓದುವುದು ಆಗದ ಮಾತಾಗಿತ್ತು.

ರಮಿತಾ ನೋಡಿದ್ದ ಎರಡರಲ್ಲಿ ಒಂದು ಹಳೆಯ ಸರಕಾರಿ ಸಂಸ್ಥೆ. ಅಲ್ಲಿ ಪ್ರವೇಶ ಪರೀಕ್ಷೆಯಿತ್ತು, ಹತ್ತನೇ ಕ್ಲಾಸಿನಿಂದ ಎಲ್ಲ ಅಂಕಪಟ್ಟಿ ಕೇಳಿದ್ದರು, ಫೋನ್ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಇನ್ನೊಂದು ಗಗನದೀಪ ಡಿಜಿಟಲ್ ವಿಶ್ವವಿದ್ಯಾಲಯ. ಅದರ ವೆಬ್‌ಸೈಟಿನಲ್ಲಿ ಒಮ್ಮೆ ನಂಬರು ಕೊಟ್ಟದ್ದೇ ತಡ, ದಿನಕ್ಕೆ ಎಂಟು ಸಲ ಅವರೇ ಫೋನ್ ಮಾಡತೊಡಗಿದರು. ರಮಿತಾ ಎತ್ತುವುದನ್ನು ಬಿಟ್ಟ ಮೇಲೆ ದಯಾನಂದ ಎತ್ತತೊಡಗಿದರು. ಆಚೆ ಕಡೆ ಮಲ್ಲಿಕಾ ಎಂಬ ಹುಡುಗಿ, ಕಲಬುರಗಿ ಕಡೆಯ ಕನ್ನಡ. ಎರಡನೇ ವಾರಕ್ಕೆ ಅವಳು ದಯಾನಂದರ ಮೊಣಕಾಲು ನೋವಿನ ಬಗ್ಗೆ ಕೇಳುವಷ್ಟು ಹತ್ತಿರವಾಗಿದ್ದಳು.

ದಯಾನಂದರ ತೀರ್ಮಾನ ಅಲ್ಲಿಗೆ ಆಗಿಹೋಯಿತು. ಸರಕಾರಿ ಕಡೆಯವರಿಗೆ ಜಂಬ. ಹುಡುಗಿಯನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುತ್ತಾರಂತೆ, ನಮ್ಮ ಹುಡುಗಿಯಲ್ಲಿ ಕಂಡ ಐಬಾದರೂ ಏನು? ಗಗನದೀಪದವರು ಹಾಗಲ್ಲ, ಏನೂ ಕೇಳದೆ ಒಪ್ಪಿದ್ದಾರೆ, ಮೇಲಾಗಿ ಅವರೇ ಫೀಸಿನಲ್ಲಿ ಶೇಕಡಾ ನಲವತ್ತು ಬಿಡುತ್ತಿದ್ದಾರೆ. ಕಲ್ಯಾಣದ ಜ್ಯೋತಿಷಿ ವಿಷ್ಣುಮೂರ್ತಿಗಳು ವಿಶ್ವವಿದ್ಯಾಲಯ ಉದ್ಘಾಟನೆಯಾದ ದಿನ, ಗಳಿಗೆ ಹಿಡಿದು ರಮಿತಾಳ ಜಾತಕಕ್ಕೆ ತಾಳೆ ಹಾಕಿ ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಕೂಡುತ್ತದೆ ಎಂದರು. ಸರಕಾರಿ ಸಂಸ್ಥೆಯ ಉದ್ಘಾಟನೆಯ ಗಳಿಗೆ ಎಲ್ಲೂ ಸಿಗಲಿಲ್ಲ. ಇದು ಮದುವೆಯಲ್ಲ ಎಂದು ರಮಿತಾ ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿ ನೋಡಿದಳು. ಇನ್ನು ಮನೆ ನೋಡಿ ಬರುವುದೊಂದು ಬಾಕಿ ಎಂದು ದಯಾನಂದ ಕನ್ನಡದಲ್ಲಿ ಹೇಳಿದರು.

ಹಾಗೆ ಒಂದು ಶನಿವಾರ ಅವರು ಗಗನದೀಪದ ಕಚೇರಿಯಿದ್ದ ಬೇಲಾಪುರಕ್ಕೆ ಹೊರಟರು. ಸರಕಾರಿ ಸಂಸ್ಥೆಗೆ ಅರ್ಜಿ ಹಾಕಲು ಅಂದು ಸಂಜೆ ಐದು ಗಂಟೆಯೇ ಕೊನೆ. ರಮಿತಾ ಆ ಅರ್ಜಿಯನ್ನು ಮೊಬೈಲಿನಲ್ಲಿ ಪೂರ್ತಿ ತುಂಬಿಟ್ಟಿದ್ದಳು, ಅಪ್ಪ ಒಪ್ಪಲೆಂದು ಕೊನೆಯ ಗುಂಡಿ ಒತ್ತುವುದನ್ನಷ್ಟೇ ಉಳಿಸಿಕೊಂಡಿದ್ದಳು. ಅಮ್ಮನ ಹೆಸರು ಬಾಗಿ; ಅವರು ಒಳ್ಳೆಯ ಸೀರೆಯುಟ್ಟು ಮಾತಿಲ್ಲದೆ ಜೊತೆಗೆ ಬಂದರು. ತುರ್ಭೆಯಲ್ಲಿ ಕಾರ್ಖಾನೆಯ ಕ್ಯಾಂಟೀನ್ ನಡೆಸುವ ಸೋದರಮಾವ ಬೂಬ ಅಲ್ಲಿಯೇ ರೈಲು ಹತ್ತಿಕೊಂಡರು. ಸೋದರಮಾವನ ಬಾಯಿಂದ ಮಾತು ಬೀಳದೆ ಆ ಕುಟುಂಬದಲ್ಲಿ ಯಾವ ಸಂಬಂಧವೂ ನಿಲ್ಲುವುದಿಲ್ಲ. ಇನ್ನೊಂದು ಕಟ್ಟುನಿಟ್ಟೂ ಇತ್ತು. ಮನೆ ನೋಡಲು ಹೋದಲ್ಲಿ ಎಲ್ಲವೂ ಮನಸ್ಸಿಗೆ ಬರುವ ತನಕ ತೊಟ್ಟು ನೀರನ್ನೂ ಮುಟ್ಟಬಾರದು. ಸೋದರಮಾವ ಏನನ್ನಾದರೂ ಕುಡಿದನೆಂದರೆ ಮಾತು ಕೊಟ್ಟ ಹಾಗೆ.

ಗಗನದೀಪ ವಿಶ್ವವಿದ್ಯಾಲಯ ಆರನೇ ಮಾಳಿಗೆಯ ಒಂದು ಹಾಲ್‌ನಲ್ಲಿತ್ತು. ನಲವತ್ತು ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಏಕಕಾಲಕ್ಕೆ ಮಾತಾಡುತ್ತಿದ್ದರು. ಯಾರಿಗಾದರೂ ಒಂದು ಪ್ರವೇಶ ಗಿಟ್ಟಿದರೆ ಮೂಲೆಯ ಗಂಟೆ ಬಾರಿಸುತ್ತಿದ್ದರು, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ವಿಕಾಸ್ ಎಂಬ ಮ್ಯಾನೇಜರ್ ಓಡಿಬಂದು ಕೂರಿಸಿ ನೀರು ತರಿಸಿದ. ನಾಲ್ವರೂ ಬೇಡವೆಂದರು. ದಯಾನಂದ ಪ್ರಯೋಗಾಲಯ ತೋರಿಸಿ ಎಂದಾಗ ಗೋಡೆಗೆ ಅಂಟಿಸಿದ ಪ್ರಯೋಗಾಲಯದ ದೊಡ್ಡ ಚಿತ್ರವನ್ನು ತೋರಿಸಿದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಬಿಳಿ ಕೋಟೂ ಇತ್ತು. ಮೇಷ್ಟ್ರನ್ನು ತೋರಿಸಿ ಎಂದಾಗ ಟಿವಿ ಹಚ್ಚಿದರು. ಮೇಷ್ಟ್ರು ಬಾಯಿ ತೆರೆದವರು ನೆಟ್‌ವರ್ಕ್ ಇಲ್ಲದೆ ಹಾಗೇ ನಿಂತರು. ಬೂಬ ಎದ್ದು ಅವರಿಗೆ ಕೈಮುಗಿದರು, ಉತ್ತರಕ್ಕಾಗಿ ತುಸು ಹೊತ್ತು ಕಾದರು.

ದಯಾನಂದರಿಗೆ ಮಾತ್ರ ಎಲ್ಲವೂ ಚೆನ್ನಾಗಿಯೇ ಕಂಡಿತು. ಬಾತ್‌ರೂಮು ಚೊಕ್ಕಟವಾಗಿತ್ತು, ಹೋಟೆಲಿನವರಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಇನ್ನು ಹುಡುಗಿಯರಿಬ್ಬರೂ ಸ್ವಲ್ಪ ಮಾತಾಡಿಕೊಳ್ಳಲಿ ಎಂದು ಅವರು ಪದ್ಧತಿಯಂತೆ ರಮಿತಾಳನ್ನು ಮಲ್ಲಿಕಾಳ ಜೊತೆ ಹೊರಗೆ ಕಳಿಸಿದರು.

ಲಿಫ್ಟಿನ ಪಕ್ಕದ ಕಿಟಕಿಯ ಬಳಿ ಮಲ್ಲಿಕಾ ಬಾಯಿಪಾಠದ ನಾಲ್ಕು ಮಾತು ಹೇಳಿ ನಿಲ್ಲಿಸಿದಳು. ನೀನು ಎಲ್ಲಿ ಓದಿದ್ದು ಎಂದು ರಮಿತಾ ಸುಮ್ಮನೆ ಕೇಳಿದ್ದಳು.

“ಇಲ್ಲೇ ಅಕ್ಕಾ. ಇದೇ ಎಂ.ಟೆಕ್ ಮಾಡೀನಿ. ಒಳಗ ಫೋನ್ ಹಚ್ಚೋರು ನಲ್ವತ್ತು ಮಂದೀನೂ ಇಲ್ಲೇ ಓದಿದೋರು. ನೂರಕ್ಕ ನೂರು ನೌಕರಿ ಗ್ಯಾರಂಟಿ ಅಂತ ಜಾಹೀರಾತಿನ್ಯಾಗ ಬರ್ದಾರಲ್ಲ, ಅದು ಸುಳ್ಳಲ್ಲ.”

ರಮಿತಾಳಿಗೆ ಮೊದಲು ನಗು ಬಂತು. ಮಲ್ಲಿಕಾ ನಗಲಿಲ್ಲ. ತನ್ನ ಅಪ್ಪ ರೇವಣಸಿದ್ದ ತುರ್ಭೆಯಲ್ಲಿ ಹಮಾಲಿ, ಮಗಳು ದೊಡ್ಡ ಬಿಲ್ಡಿಂಗ್ ಕಟ್ಟುತ್ತಾಳೆಂದು ಜೊತೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ ಎಂದಳು. “ನನಗ ಒಂದು ತೊಲಿ ಲೆಕ್ಕ ಬರಂಗಿಲ್ಲ ಅಕ್ಕಾ. ಎರಡು ವರ್ಷ ವಿಡಿಯೋ ಹಚ್ಚಿಟ್ಟು ‘ಮುಂದಕ್ಕ’ ಅಂತ ಒತ್ತೀನಿ, ಅಷ್ಟ. ನೀವು ಸೇರಬ್ಯಾಡ್ರಿ. ನಾ ಹೇಳೀನಂತ ಒಳಗ ಹೇಳಬ್ಯಾಡ್ರಿ.” ರಮಿತಾ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯದೆ ಆ ಹುಡುಗಿಯ ಕೈ ಹಿಡಿದು, ತಾನು ಸರಕಾರಿ ಸಂಸ್ಥೆಗೇ ಅರ್ಜಿ ಹಾಕುತ್ತೇನೆ, ಅದಕ್ಕೆ ಇಂದೇ ಕೊನೆಯ ದಿನ ಎಂದಷ್ಟೇ ಹೇಳಿ ಒಳಗೆ ನಡೆದಳು.

ಒಳಗೆ ಅನಾಹುತ ಆಗಿಹೋಗಿತ್ತು. ಬೂಬರ ಕೈಯಲ್ಲಿ ಖಾಲಿ ಕಪ್ಪಿತ್ತು. ವಿಕಾಸ್ ಚಹಾ ತಂದಿಟ್ಟಿದ್ದಾನೆ. ಬೂಬ ಕುಡಿಯಬೇಕೆಂದೇನೂ ಕುಡಿದದ್ದಲ್ಲ. ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದವರು ಬೇರೆಯವರ ಚಹಾದಲ್ಲಿ ಹಾಲೆಷ್ಟು ನೀರೆಷ್ಟು ಎಂದು ನೋಡಲು ಒಂದು ಗುಟುಕು ಹೀರಿದ್ದಾರೆ, ಅನುಮಾನ ತೀರದೆ ಪೂರ್ತಿ ಹೀರಿದ್ದಾರೆ. ಅದೇ ಹೊತ್ತಿಗೆ ಹಾಲ್‌ನಲ್ಲಿ ಇನ್ಯಾರದೋ ಪ್ರವೇಶಕ್ಕೆ ಗಂಟೆ ಹೊಡೆದು ನಲವತ್ತು ಜನ ಚಪ್ಪಾಳೆ ತಟ್ಟಿದ್ದಾರೆ. ಬೂಬರಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ?

ರಮಿತಾ ತನಗೆ ಇಷ್ಟವಿಲ್ಲ ಎಂದಳು. ಮಲ್ಲಿಕಾಳ ಮಾತನ್ನು ಹೇಳುವ ಹಾಗಿರಲಿಲ್ಲವಾದ್ದರಿಂದ ಕಾರಣ ಕೊಡಲಾಗಲಿಲ್ಲ. ವಿಕಾಸ್ ಸಹಿಗೆ ಕಾಗದ ಮುಂದಿಟ್ಟ.

“ಕುಡಿದಾಯ್ತಲ್ಲ ಭಾವ,” ಬೂಬ ದಯಾನಂದರಿಗೆ ಹೇಳಿದರು. “ಇನ್ನು ಮಾತು ಹಿಂದೆ ತೆಗೀಲಿಕ್ಕೆ ಆಗುದಿಲ್ಲ.”

ದಯಾನಂದ ಮಗಳ ಮುಖ ನೋಡಿದರು, ಬೂಬರ ಕೈಯ ಖಾಲಿ ಕಪ್ ನೋಡಿದರು, ಪೆನ್ನು ಕೈಗೆತ್ತಿಕೊಂಡರು. ಆಗ, ಬೆಳಗಿನಿಂದ ಪರ್ಸು ಹಿಡಿದು ಸುಮ್ಮನೆ ಕೂತಿದ್ದ ಬಾಗಿ ಬಾಯಿ ತೆರೆದರು.

“ಅಣ್ಣ, ಮೂವತ್ತೆರಡು ವರ್ಷದ ಹಿಂದೆ ಇವರ ಮನೆ ನೋಡ್ಲಿಕ್ಕೆ ಹೋದವ ನೀನು ಹೀಗೇ ಕಾಫಿ ಕುಡಿದು ಬಂದದ್ದು. ನಾನು ಬೇಡ ಅಂತ ಹೇಳಿದ್ದೆ. ಕುಡಿದಾಯ್ತು ಅಂತ ನೀನು ನನ್ನ ಬಾಯಿ ಮುಚ್ಚಿಸಿದ್ದಿ.”

ಸಾರು ಸ್ವಲ್ಪ ಉಪ್ಪಾಯಿತು ಎನ್ನುವಷ್ಟೇ ಸಣ್ಣ ದನಿಯಲ್ಲಿ ಅವರು ಅದನ್ನು ಹೇಳಿದ್ದರು. ಈ ಸಂಗತಿ ದಯಾನಂದರ ಕಿವಿಗೆ ಬಿದ್ದದ್ದು ಅದೇ ಮೊದಲು. ಪೆನ್ನು ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಹುಡುಗಿಗೆ ಇಷ್ಟವಿಲ್ಲವೆಂದು ವಿಕಾಸನಿಗೆ ಹಿಂದಿಯಲ್ಲಿ ತಿಳಿಸಿ ಬಾಗಿಲ ಕಡೆ ನಡೆದರು. ಕಟ್ಟಡಶಾಸ್ತ್ರ ಬೇಡವಾದರೆ ಡೇಟಾ ಸೈನ್ಸ್ ಇದೆ ಎಂದು, ಅಣ್ಣ ಬೇಡವಾದರೆ ತಮ್ಮನಿದ್ದಾನೆ ಎನ್ನುವವರಂತೆ, ವಿಕಾಸ್ ಲಿಫ್ಟಿನವರೆಗೂ ಹೇಳುತ್ತ ಬಂದ.

ನಾಲ್ವರೂ ಠಾಣೆಯ ರೈಲು ಹತ್ತಿದರು. ತುರ್ಭೆ ಬಂದಾಗ ಬೂಬ ಹೋಗಿ ಬರುತ್ತೇನೆಂದು ಕೂಡ ಹೇಳದೆ ಇಳಿದರು. ರಮಿತಾ ಕೊನೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಐದಕ್ಕೆ ಆರು ನಿಮಿಷವಿರುವಾಗ, ಘನ್ಸೋಲಿಯಲ್ಲಿ, ಅರ್ಜಿ ತಲುಪಿದೆ, ಇದಕ್ಕೆ ಉತ್ತರ ಬರೆಯಬೇಡಿ ಎಂಬ ಎರಡು ಸಾಲು ಬಂದವು. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

ದಯಾನಂದ ಕಿಟಕಿಯ ಹೊರಗೆ ನೋಡುತ್ತಲೇ ಹೆಂಡತಿಯನ್ನು ಕೇಳಿದರು. “ಯಾಕೆ ಬೇಡ ಅಂದಿದ್ದಿ?”

“ನಿಮ್ಮನ್ನಲ್ಲ ಬೇಡ ಅಂದದ್ದು,” ಬಾಗಿ ಹೇಳಿದರು. “ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು.”

ಐರೋಲಿ ದಾಟಿತು. ದಯಾನಂದ ಹೋಟೆಲಿಗೆ ಫೋನ್ ಹಚ್ಚಿ, ಸೋಮವಾರದಿಂದ ನಸುಕಿನ ಪಾಳಿ ಬೇಡ, ಸಂಜೆಯದನ್ನು ಕೊಡಿ, ರಾತ್ರಿ ಹತ್ತರವರೆಗೂ ಇರುತ್ತೇನೆ ಎಂದರು. ಎಷ್ಟು ದಿನಕ್ಕೆ ಎಂದು ಆಚೆಯವರು ಕೇಳಿರಬೇಕು. ಎರಡು ವರ್ಷಕ್ಕೆ ಎಂದರು.

“ಪಪ್ಪಾ, ಎಂಟ್ರೆನ್ಸ್ ತೋ ಅಭೀ ಬಾಕಿ ಹೈ,” ಎಂದು ಪ್ರವೇಶ ಪರೀಕ್ಷೆಯನ್ನು ನೆನಪಿಸಿದಳು ರಮಿತಾ. “ಫೇಲ್ ಭೀ ಹೋ ಸಕ್ತೀ ಹೂಂ.”

“ಅದಕ್ಕೆ ಓದ್ಲಿಕ್ಕೂ ಕೋಣೆ ಬೇಕಲ್ಲ ಮಗಾ,” ಎಂದರು ದಯಾನಂದ.