ಬೀಗ ತೆಗೆದವನ ವಿಡಿಯೊ

ಇತಿಹಾಸದ ಮೇಷ್ಟ್ರ ಶನಿವಾರದ ಕೊನೆಯ ಪಾಠಕ್ಕೆ ಪುಸ್ತಕವಿರಲಿಲ್ಲ. ಮಕ್ಕಳು ತಂದ ಸುದ್ದಿಯೊಂದನ್ನು ಹಲಗೆಯ ಬುಡದಲ್ಲಿ ಬರೆದು, ಅದು ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂದು ಮೇಲಕ್ಕೆ ಏಣಿ ಕಟ್ಟುವುದು ಅಲ್ಲಿನ ಪದ್ಧತಿ. "ಕಲ್ಲಿನ ಶಾಸನವಾದ್ರೂ ಸರಿ, ಕೊರೆಸಿದವನು ಯಾರು ಅಂತ ಕೇಳಿ" ಎಂಬುದು ಮೇಷ್ಟ್ರ ಹೆಮ್ಮೆಯ ಮಾತು.

ಆ ದಿನ ಕಾಲುವೆಯಾಚೆಯ ಕೇರಿಯಿಂದ ಬರುವ, ಬೀಗ ರಿಪೇರಿಯವನ ಮಗಳು ವಿಡಿಯೊ ತಂದಿದ್ದಳು. ಹಾಡುಹಗಲಲ್ಲಿ ಒಬ್ಬನು ಬೆನ್ನು ಮಾಡಿ ನಿಂತು ಮನೆಯೊಂದರ ಬೀಗಕ್ಕೆ ತಂತಿ ತೂರಿಸುತ್ತಿದ್ದ. ಕೆಳಗೆ, 'ಕಾಲುವೆಯಾಚೆಯವರ ಕಸುಬು ನೋಡಿ' ಎಂಬ ಬರಹ.

"ಆ ಕಡೆಯವ್ರಿಗೆ ಬೀಗ ಅಂದ್ರೆ ಬೆಣ್ಣೆ ಕಣೋ!" ಹಿಂದಿನ ಬೆಂಚು ನಕ್ಕಿತು.

"ಅದು ನಮ್ಮಪ್ಪ," ಎಂದಳು ಹುಡುಗಿ.

ನಗು ನಿಂತಿತು. ಮೇಷ್ಟ್ರು ವಿಡಿಯೊವನ್ನು ಗುರುತಿಸಿದರು. ಮೊನ್ನೆ ನಾದಿನಿ ಕಳಿಸಿದ್ದ ಅದೇ ವಿಡಿಯೊವನ್ನು, ಕೈಯಲ್ಲಿದ್ದ ಕಾಫಿ ಆರುವ ಮುನ್ನವೇ, 'ಎಲ್ಲರೂ ಹುಷಾರು' ಎಂದು ಸೇರಿಸಿ ತಮ್ಮ ಬೀದಿಯ ಗುಂಪಿಗೆ ದಾಟಿಸಿದ್ದರು. ನೋಡಿದ್ದು ಬೆನ್ನು ಮಾತ್ರ; ನಂಬಲು ಅಷ್ಟು ಸಾಕಾಗಿತ್ತು.

ಹುಡುಗಿ ಪೂರ್ತಿ ವಿಡಿಯೊ ತೋರಿಸಿದಳು. ಅದರಲ್ಲಿ ಬಾಗಿಲ ಪಕ್ಕ ಮನೆಯೊಡತಿ ಅಜ್ಜಿ ಚಡಪಡಿಸುತ್ತಿದ್ದಳು: "ಬೇಗ ತೆಗಿಯಪ್ಪಾ, ಒಲೆ ಮೇಲೆ ಹಾಲಿದೆ! ಕೀಲಿಕೈನೂ ಒಳಗೇ ಕೂತು ಕಾಯ್ತಿದೆ!" ಯಾರೋ ಅಜ್ಜಿಯಿದ್ದ ಭಾಗ ಕತ್ತರಿಸಿ ಬರಹ ಅಂಟಿಸಿದ್ದರು.

"ಅರ್ಧ ವಿಡಿಯೊ ನೋಡಿ, ಅಪ್ಪನ ಅಂಗಡಿ ಖಾಲಿ ಮಾಡಿ ಅಂತಿದಾರೆ ಸಾರ್, ಮಾಲೀಕ್ರು."

ಅವಳು ಏಣಿ ಕಟ್ಟಿದಳು. ಬುಡದಲ್ಲಿ ಅಪ್ಪನ ಅಂಗಡಿ. ಮೇಲೆ ಅಂಗಡಿಯ ಮಾಲೀಕರು. ಅದರ ಮೇಲೆ ಮಾಲೀಕರ ಬೀದಿಯ ಗುಂಪು; ಮೇಷ್ಟ್ರದೂ ಅದೇ ಬೀದಿ. ಮುಂದಿನ ಮೆಟ್ಟಿಲಿಗೆ ಬಂದಾಗ ಸೀಮೆಸುಣ್ಣ ಕೆಳಗಿಟ್ಟಳು.

"ಇದು ಬೇಡ ಬಿಡಿ ಸಾರ್. ದೊಡ್ಡವ್ರು."

ಗುಂಪಿಗೆ ಹಾಕಿದ್ದು ಯಾರೆಂದು ಅವಳಿಗೆ ಗೊತ್ತಿತ್ತು. ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಆ ಮರ್ಯಾದೆಯನ್ನು ತಡೆಯಲಾಗಲಿಲ್ಲ. ಎದ್ದು, ಮಕ್ಕಳಿಗೆ ಮಾದರಿಯೆಂದು ತೋರಿಸುತ್ತಿದ್ದ ತಮ್ಮ ದುಂಡಕ್ಷರದಲ್ಲೇ ಬರೆದರು: 'ನಾನು'. ಅಕ್ಷರ ಸೊಟ್ಟಗಾಯಿತು.

ಅಲ್ಲೇ ನಿಂತು ಪೂರ್ತಿ ವಿಡಿಯೊವನ್ನು, ತಮ್ಮ ತಪ್ಪೊಪ್ಪಿಗೆಯೊಂದಿಗೆ, ಬೀದಿಯ ಗುಂಪಿಗೆ ಹಾಕಿದರು. ಮೊದಲು ಉತ್ತರಿಸಿದವರು ಆ ಮಾಲೀಕರೇ: 'ಇವನೊಬ್ಬ ಒಳ್ಳೆಯವನಿರಬಹುದು ಮೇಷ್ಟ್ರೇ. ಆದರೂ ಹುಷಾರಾಗಿರಬೇಕಲ್ಲ, ನೀವೇ ಹೇಳಿದ್ದಿರಿ.'

"ಏನಂದ್ರು ಸಾರ್?"

ಮೇಷ್ಟ್ರು ಮೊಬೈಲನ್ನು ಜೇಬಿಗೆ ಇಳಿಸಿದರು. "ನಡಿಯಮ್ಮ, ಮಾಲೀಕ್ರ ಹತ್ರ ನಾನೇ ಮಾತಾಡ್ತೀನಿ. ಮೊದ್ಲು ನಿಮ್ಮಪ್ಪನ್ನ ನೋಡ್ಬೇಕು."

ಹುಡುಗಿ ಹಿಂಜರಿದಳು. "ಮಾಲೀಕ್ರ ಹತ್ರ ಹೋಗಿ ಸಾರ್. ಅಂಗಡಿಗೆ ಮಾತ್ರ ಬರ್ಬೇಡಿ. ನಿಮ್ಮನ್ನ ನೋಡಿದ್ರೆ, ಮೇಷ್ಟ್ರೂ ಆ ವಿಡಿಯೊ ನೋಡಿದ್ರಲ್ಲಾ ಅಂತ ಅಪ್ಪನಿಗೆ ನಾಚಿಕೆಯಾಗತ್ತೆ."